ಒಂದು ಗಂಟೆ ನನ್ನ ಹತ್ತಿರ, ಉಳಿದ ವಾರವೆಲ್ಲ ಮನೆಯಲ್ಲಿ

ನಾನು ಜಿಲ್ಲಾ ಮಟ್ಟದ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ದೌರ್ಜನ್ಯಕ್ಕೆ ಒಳಗಾದ ಮಕ್ಕಳನ್ನೂ ಅವರ ಮನೆಯವರನ್ನೂ ನೋಡುತ್ತೇನೆ. ಇಲ್ಲಿ ಬರುವ ಮಾತುಗಳು ಯಾವ ಒಂದು ಮನೆಯವೂ ಅಲ್ಲ. ಹಲವರದ್ದನ್ನು ಕಲೆಸಿ, ಗುರುತು ಸಿಗದ ಹಾಗೆ ಬರೆದಿದ್ದೇನೆ.

ದೌರ್ಜನ್ಯ ಆಗಿದೆ ಅಂತ ಹೇಳಿ ಓಪಿಡಿ ಚೀಟಿ ಮಾಡಿಸುವವರು ಕಡಿಮೆ. ಹೊಟ್ಟೆನೋವು, ಎಂಟು ವರ್ಷವಾದರೂ ಮತ್ತೆ ಶುರುವಾದ ಹಾಸಿಗೆ ಒದ್ದೆ, ಟ್ಯೂಷನ್‌ಗೆ ಹೋಗಲ್ಲ ಅನ್ನುವ ಹಟ, ಇಂಥವೇ ಜಾಸ್ತಿ. ಮಕ್ಕಳ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ಏನೂ ಸಿಗದೆ ನಮ್ಮ ಕೋಣೆಗೆ ಕಳಿಸುತ್ತಾರೆ. ಇನ್ನು ಕೆಲವರು ಪೊಲೀಸರಿಂದಲೋ ಮಕ್ಕಳ ಕಲ್ಯಾಣ ಸಮಿತಿಯಿಂದಲೋ ಬರುತ್ತಾರೆ. ಗಂಡುಮಕ್ಕಳು ತೀರಾ ವಿರಳ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯ ಆಗಿದೆ ಎಂದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಹುಡುಗರೇ ಇದ್ದರು. ನಮ್ಮಲ್ಲಿ ಮಾತ್ರ ‘ಗಂಡು ಹುಡುಗನಿಗೆ ಏನಾಗುತ್ತೆ ಬಿಡಿ’ ಅನ್ನುವುದೇ ನಡೆಯುತ್ತದೆ.

ವಾರ್ಡಿನಲ್ಲಿ ದಾಖಲಾದ ಮಗುವನ್ನು ನರ್ಸ್ ನೋಡಿಕೊಳ್ಳುತ್ತಾರೆ. ಓಪಿಡಿ ಮಗು ಒಂದು ಗಂಟೆ ನನ್ನ ಹತ್ತಿರ ಕೂತು, ಸಂಜೆ ಬಸ್ಸಿಗೆ ಅದೇ ಮನೆಗೆ, ಅದೇ ಬೀದಿಗೆ ವಾಪಸ್ ಹೋಗುತ್ತದೆ. ಹಾಗಾಗಿ ನಾನು ಮಗುವಿಗಿಂತ ತಾಯಿಯ ಜೊತೆಗೇ ಹೆಚ್ಚು ಹೊತ್ತು ಕಳೆಯುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅವರು ಬಣ್ಣದ ಪೆನ್ಸಿಲ್, ಗೊಂಬೆ ಎಲ್ಲ ಹರಡಿಕೊಂಡು ಮಗುವಿಗಾಗಿ ಕಾಯುತ್ತಿರುತ್ತಾರೆ!

ಮೊದಲ ಭೇಟಿಯಲ್ಲಿ ಮಗುವಿಗೆ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ‘ನೀನು ಹೇಳಿದ್ದನ್ನು ಊರಿಗೆಲ್ಲ ಹೇಳಲ್ಲ. ಆದರೆ ನಿನಗೆ ಯಾರಾದರೂ ತೊಂದರೆ ಕೊಡ್ತಿದ್ದರೆ ನಾನು ಸುಮ್ನೆ ಇರೋಕಾಗಲ್ಲ.’ ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಅಂತ ಎಂದೂ ಹೇಳುವುದಿಲ್ಲ. ಆಮೇಲೆ ಪ್ರಶ್ನೆ ಕೇಳುವ ರೀತಿ. ‘ಮಾಮ ಮುಟ್ಟಿದನಾ?’ ಅಂತ ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ. ನಾಳೆ ಕೋರ್ಟಿನಲ್ಲಿ ಅದೇ ಮಗುವಿಗೆ ತಿರುಗಿಬೀಳುತ್ತದೆ. ‘ಆಮೇಲೆ?’ ಅನ್ನುವುದು ಸಾಕು. ಪೊಲೀಸರಿಗೆ, ಡಾಕ್ಟರಿಗೆ, ಮ್ಯಾಜಿಸ್ಟ್ರೇಟರಿಗೆ ಈಗಾಗಲೇ ಹೇಳಿ ಬಂದ ಮಗುವನ್ನು ನಾನು ಮತ್ತೆ ಮೊದಲಿಂದ ಕೇಳುವುದಿಲ್ಲ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಎಲ್ಲಿ ಹೋಗೋಕೆ ಭಯ, ಚಿಕಿತ್ಸೆ ಶುರು ಮಾಡೋಕೆ ಇಷ್ಟು ಗೊತ್ತಾದರೆ ಸಾಕು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಮನೆಯವರಿಗೆ ಇದು ಸಿಡಿಲು. ‘ಔಷಧಿ ಕೊಡ್ತೀರಾ ಅಂತ ಬಂದ್ವಿ, ಸ್ಟೇಷನ್ ಹತ್ತಿಸ್ತಿದ್ದೀರಲ್ಲ’ ಎಂದು ಬೈದವರಿದ್ದಾರೆ. ಬೈಯಲಿ. ನಾನು ಬೆನ್ನ ಹಿಂದೆ ಮಾತ್ರ ವರದಿ ಕಳಿಸುವುದಿಲ್ಲ. ಅವರನ್ನು ಎದುರಿಗೆ ಕೂರಿಸಿಕೊಂಡು ಮುಂದೆ ಏನೇನು ಆಗುತ್ತದೆ ಎಂದು ಹೇಳುತ್ತೇನೆ: ಹೇಳಿಕೆ ಪಡೆಯುವ ಪೊಲೀಸರು ಯೂನಿಫಾರ್ಮ್‌ನಲ್ಲಿ ಬರುವ ಹಾಗಿಲ್ಲ, ಮಗುವಿನ ಮನೆಯಲ್ಲೇ ಹೇಳಿಕೆ ಪಡೆಯಬಹುದು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ತುರ್ತು ಚಿಕಿತ್ಸೆಗೆ ಎಫ್‌ಐಆರ್ ಬೇಕು ಎಂದು ಯಾವ ಡಾಕ್ಟರೂ ಕೇಳುವಂತಿಲ್ಲ. ಇಷ್ಟು ಗೊತ್ತಾದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಮಾಡಿದವನು ಮನೆಯೊಳಗೇ ಇದ್ದರೆ ನನ್ನ ಕೌನ್ಸೆಲಿಂಗ್‌ಗೆ ಅರ್ಥವಿಲ್ಲ. ಮೊದಲು ಮಗು ಅವನಿಂದ ದೂರ ಇರಬೇಕು. ಸಾಮಾನ್ಯವಾಗಿ ಮಗುವನ್ನೇ ಅಜ್ಜಿ ಮನೆಗೋ ಹಾಸ್ಟೆಲಿಗೋ ಕಳಿಸುತ್ತಾರೆ. ‘ನಾನು ಹೇಳಿದ್ದಕ್ಕೆ ನನ್ನನ್ನೇ ಓಡಿಸಿದರು’ ಎಂದು ಮಗುವಿಗೆ ಅನ್ನಿಸುತ್ತದೆ. ಅವನನ್ನೇ ಹೊರಗೆ ಹಾಕೋಕಾಗುತ್ತಾ ಎಂದು ಮನೆಯವರ ಹತ್ತಿರ, ಸಮಿತಿಯವರ ಹತ್ತಿರ ಪ್ರತಿ ಸಲ ಕೇಳುತ್ತೇನೆ.

ಇನ್ನು ತಾಯಂದಿರ ವಿಷಯ. ವಿಷಯ ತಿಳಿದ ಕೂಡಲೇ ಅವರ ಬಾಯಿಂದ ಬರುವ ಮೊದಲ ಮಾತು ‘ಮೊದಲೇ ಯಾಕೆ ಹೇಳಲಿಲ್ಲ?’ ಸಂಕಟದಿಂದಲೇ ಕೇಳಿರುತ್ತಾರೆ, ಆದರೆ ಮಗುವಿಗೆ ಅದು ಬೈಗುಳದಂತೆ ಕೇಳುತ್ತದೆ. ಅದಕ್ಕೆ ಮೂರು ಮಾತು ಕಲಿಸುತ್ತೇನೆ: ‘ನಿನ್ನ ಮಾತು ನಂಬ್ತೀನಿ. ನಿನ್ನದೇನೂ ತಪ್ಪಿಲ್ಲ. ಹೇಳಿದ್ದು ಒಳ್ಳೇದಾಯ್ತು.’ ಕೇಳೋಕೆ ಸುಲಭ. ನನ್ನ ಮುಂದೆ ಗಟ್ಟಿಯಾಗಿ ಹೇಳಿಸಿದಾಗ ಎಷ್ಟೋ ತಾಯಂದಿರಿಗೆ ಎರಡನೇ ಮಾತಿಗೇ ಗಂಟಲು ಕಟ್ಟುತ್ತದೆ. ಅವರಿಗೂ ಚಿಕ್ಕಂದಿನಲ್ಲಿ ಇಂಥದ್ದೇ ಆಗಿದ್ದು ಆಗ ಹೊರಗೆ ಬಂದದ್ದುಂಟು. ಅಂಥವರಿಗೆ ಬೇರೆ ದಿನ, ಅವರಿಗೆಂದೇ ಸಮಯ ಕೊಡುತ್ತೇನೆ.

ಅಪ್ಪಂದಿರದ್ದು ಬೇರೆ ಕಥೆ. ‘ಕಡಿದು ಹಾಕ್ತೀನಿ ಅವನನ್ನ’ ಎಂದು ಮನೆಯಲ್ಲಿ ಕೂಗಾಡುತ್ತಾರೆ. ಅಪ್ಪ ಜೈಲಿಗೆ ಹೋಗುತ್ತಾನೆ ಎಂದು ಹೆದರಿ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ನಾನು ಅಪ್ಪನಿಗೆ ಒಂದು ಕೆಲಸ ವಹಿಸುತ್ತೇನೆ: ದಿನಾ ಸ್ಕೂಲಿಗೆ ಬಿಡುವುದು, ಕರೆದುಕೊಂಡು ಬರುವುದು. ಕೈಗೆ ಕೆಲಸ ಸಿಕ್ಕಿದರೆ ಕೂಗಾಟ ಕಡಿಮೆಯಾಗುತ್ತದೆ. ಹೊಡೆಯುವ ಅಪ್ಪಂದಿರು ಬಂದಾಗ ಮಾತ್ರ ಕಷ್ಟ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆ ನನಗೇ ಹೇಳುತ್ತಾರೆ. ಬೆಲ್ಟಿನ ಗುರುತು ಬೆನ್ನ ಮೇಲಿರುವಾಗ ಗಾದೆಗೆ ಗಾದೆ ಹೇಳಿ ಪ್ರಯೋಜನವಿಲ್ಲ. ‘ಹೊಡೆದ ಮೇಲೆ ಅವನು ಮಾತು ಕೇಳಿದನಾ?’ ಎಂದು ಕೇಳುತ್ತೇನೆ. ಇಲ್ಲ ಅನ್ನುತ್ತಾರೆ. ಮಾತು ಅಲ್ಲಿಂದ ಶುರುವಾಗುತ್ತದೆ.

ಆಘಾತಕ್ಕೊಳಗಾದ ಮಕ್ಕಳಿಗೆ ಟಿಎಫ್-ಸಿಬಿಟಿ (ಟ್ರಾಮಾ-ಫೋಕಸ್ಡ್ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ, ಮಾತುಕತೆಯ ಮೂಲಕ ನಡೆಯುವ ಚಿಕಿತ್ಸಾ ಕ್ರಮವಿದೆ. ಸಾಮಾನ್ಯವಾಗಿ 12ರಿಂದ 16 ಸೆಷನ್. ದಿನಗೂಲಿ ಬಿಟ್ಟು, ಎರಡು ಬಸ್ ಬದಲಿಸಿ ಬರುವವರು ಅಷ್ಟು ಸಲ ಬರುತ್ತಾರಾ? ಬಹುತೇಕರು ಬರಲ್ಲ. ಅದಕ್ಕೇ ಮತ್ತೆ ಬರದಿದ್ದರೂ ನಷ್ಟವಾಗದ ಹಾಗೆ ಮೊದಲ ಭೇಟಿ ಮುಗಿಸುತ್ತೇನೆ. ತಾಯಿಯ ಮೂರು ಮಾತು, ಭಯವಾದಾಗ ನಿಧಾನವಾಗಿ ಉಸಿರು ಬಿಡುವುದು, ಮಲಗುವ ಜಾಗದ ಬದಲಾವಣೆ, ಸ್ಕೂಲ್ ಬಿಡಿಸಬೇಡಿ ಅನ್ನುವ ಮಾತು, ಮಕ್ಕಳ ಸಹಾಯವಾಣಿಯ ನಂಬರ್ 1098. ಉಳಿದದ್ದು ಮುಂದಿನ ಸಲ ಬಂದರೆ. ಮಾತ್ರೆ ಬರೆಯುವುದು ಸೈಕಿಯಾಟ್ರಿಸ್ಟ್ ಕೆಲಸ, ಅದರ ಅಗತ್ಯವೂ ಕಡಿಮೆ.

ಬರುವವರನ್ನು ಉಳಿಸಿಕೊಳ್ಳೋಕೆ ಸಣ್ಣಪುಟ್ಟದ್ದೇ ಕೆಲಸಕ್ಕೆ ಬಂದಿದೆ. ಬೆಳಗಿನ ನೂಕುನುಗ್ಗಲು ಮುಗಿದ ಮೇಲೆ, ಮಧ್ಯಾಹ್ನ ಬರಹೇಳುತ್ತೇನೆ. ಕಾಂಪೌಂಡರು, ಪಕ್ಕದ ಬೆಂಚಿನವರು ಎಲ್ಲರೂ ಓದುವ ಚೀಟಿಯ ಮೇಲೆ ವಿವರ ಬರೆಯುವುದಿಲ್ಲ. ಅದು ಬೀಗ ಹಾಕಿದ ಕಪಾಟಿನ ಫೈಲಿನಲ್ಲಿರುತ್ತದೆ.

ವಿಚಾರಣೆ ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ಮುಗಿಯಬೇಕು ಎಂದು ಕಾಯ್ದೆಯ 35ನೇ ಸೆಕ್ಷನ್ ಹೇಳುತ್ತದೆ. ನಾನು ನೋಡಿದ ಕೇಸುಗಳು ಎಳೆಯುತ್ತಲೇ ಇರುತ್ತವೆ. ಅಷ್ಟರಲ್ಲಿ ಮಗು ಚೇತರಿಸಿಕೊಂಡು ಆಡಿಕೊಂಡಿರುತ್ತದೆ. ಸಮನ್ಸ್ ಬಂದ ವಾರ ಮತ್ತೆ ಹಾಸಿಗೆ ಒದ್ದೆ, ಮತ್ತೆ ಹೊಟ್ಟೆನೋವು. ಹಾಗಾಗಿ ಚೆನ್ನಾಗಿದ್ದಾರೆ ಎಂದು ಫೈಲ್ ಮುಚ್ಚುವುದಿಲ್ಲ. ಸಮನ್ಸ್ ಕೈಗೆ ಸಿಕ್ಕ ದಿನವೇ ಫೋನ್ ಮಾಡಿ ಎಂದು ಮನೆಯವರಿಗೂ, ಕೇಸಿನ ಉದ್ದಕ್ಕೂ ಮಗುವಿನ ಜೊತೆಗಿರಲು ಸಮಿತಿ ನೇಮಿಸಿದ ಬೆಂಬಲ ವ್ಯಕ್ತಿಗೂ ಹೇಳಿರುತ್ತೇನೆ. ಸಾಕ್ಷಿ ಹೇಳುವ ದಿನಕ್ಕೆ ಮುಂಚೆ ಮಗುವಿಗೆ ಕೋರ್ಟ್ ಹಾಲ್ ಒಮ್ಮೆ ತೋರಿಸಿಕೊಂಡು ಬನ್ನಿ ಎಂದೂ ಅವರನ್ನು ಕೇಳಿಕೊಳ್ಳುತ್ತೇನೆ.