ಬಾವಂಚಿ ಎಣ್ಣೆ, ಬಿಸಿಲು, ನನ್ನ ಕೈ

ಎಡಗೈ ಮಣಿಕಟ್ಟಿನ ಹತ್ತಿರ ಸಣ್ಣದೊಂದು ಬಿಳಿ ಮಚ್ಚೆ ಕಾಣಿಸಿತು. ತೊನ್ನು ಅಂತ ಗೊತ್ತಾದ ಮೇಲೆ, ಎಲ್ಲರೂ ಹೇಳುವ ಬಾವಂಚಿ ಗಿಡದ ಬೀಜದ ಎಣ್ಣೆಯನ್ನೇ ನಾನೂ ತಂದೆ. ಹುಷಾರಿರಲಿ ಅಂತ ಮೊದಲು ರಾತ್ರಿ ಒಳತೋಳಿಗೆ ಒಂದು ಹನಿ ಹಚ್ಚಿ ಮಲಗಿದೆ. ಬೆಳಗ್ಗೆ ನೋಡಿದರೆ ಕೆಂಪಿಲ್ಲ, ತುರಿಕೆಯಿಲ್ಲ. ಸರಿ, ಒಗ್ಗುತ್ತದೆ ಅಂದುಕೊಂಡೆ. ಮಚ್ಚೆಗೂ ಅದರ ಸುತ್ತಲೂ ಧಾರಾಳವಾಗಿ ಸವರಿ, ಮೇಲೆ ವಾಚ್ ಕಟ್ಟಿ ಕೆಲಸಕ್ಕೆ ಹೋದೆ.

ಆ ದಿನ ಏನೂ ಆಗಲಿಲ್ಲ. ಮಾರನೆಯ ದಿನ ಉರಿ ಶುರುವಾಯಿತು. ಅದರ ಮಾರನೆಯ ದಿನ ನೀರುಗುಳ್ಳೆ! ಅಲರ್ಜಿ ಇರಬೇಕು ಅಂದುಕೊಂಡೆ. ವಾಚ್ ಬಿಚ್ಚಿದಾಗ ತಲೆ ಓಡಿತು. ಪಟ್ಟಿಯ ಕೆಳಗೂ ಅಷ್ಟೇ ಎಣ್ಣೆ ಬಿದ್ದಿತ್ತು, ಆದರೆ ಅಲ್ಲಿ ಚರ್ಮಕ್ಕೆ ಏನೂ ಆಗಿರಲಿಲ್ಲ. ಗೆರೆ ಎಳೆದ ಹಾಗೆ ಚರ್ಮದ ಕೆಂಪು ಬಣ್ಣ ವಾಚ್ ಪಟ್ಟಿಯ ಅಂಚಿಗೆ ಬಂದು ನಿಂತಿತ್ತು. ಅಂದರೆ ಬೆಳಕು ಬಿದ್ದ ಕಡೆ ಮಾತ್ರ ಸುಟ್ಟಿತ್ತು.

ಹಾಗಂತ ನಾನು ಬಿಸಿಲಲ್ಲಿ ಅಲೆದಿರಲೂ ಇಲ್ಲ. ಇಡೀ ದಿನ ಕಿಟಕಿ ಪಕ್ಕ ಕೂತಿದ್ದೆ, ಅಷ್ಟೇ. ಚರ್ಮದ ಡಾಕ್ಟರ್ ಬಿಡಿಸಿ ಹೇಳಿದರು. ಬಾವಂಚಿಯಲ್ಲಿ ಸೋರಲೆನ್ ಅನ್ನುವ ರಾಸಾಯನಿಕ ಇದೆ. ಅದನ್ನು ಕೆರಳಿಸುವುದು ಬಿಸಿಲಿನ ಯುವಿಎ ಕಿರಣ, ಅಂದರೆ ಕಣ್ಣಿಗೆ ಕಾಣದ ಒಂದು ಬಗೆಯ ಅತಿನೇರಳೆ ಕಿರಣ (ಅಲೆಯುದ್ದ 320ರಿಂದ 400 ನ್ಯಾನೋಮೀಟರ್). ಅದು ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಕತ್ತಲಲ್ಲಿ ಸೋರಲೆನ್ ತೆಪ್ಪಗಿರುತ್ತದೆ, ಹಾಗಾಗಿ ರಾತ್ರಿ ನಾನು ಮಾಡಿದ ಪರೀಕ್ಷೆ ಸುಮ್ನೆ ದಂಡ. ತೊನ್ನಿಗೆ ಆಸ್ಪತ್ರೆಯಲ್ಲೂ ಸೋರಲೆನ್ ಕೊಟ್ಟು ಕಿರಣ ಹಾಯಿಸುತ್ತಾರೆ, ಅದಕ್ಕೆ ಪುವಾ ಚಿಕಿತ್ಸೆ ಅಂತಾರೆ. ಆದರೆ ಅಲ್ಲಿ ಎಲ್ಲವೂ ಅಳತೆಯಲ್ಲಿ.

ಎಣ್ಣೆ ನಿಲ್ಲಿಸಿ, ಸೋಪು ಹಾಕಿ ತೊಳೆದು, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಟ್ಟುಕೊಂಡೆ. ಗುಳ್ಳೆ ಒಡೆಯಲಿಲ್ಲ. ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿ, ತುಂಬುತೋಳಿನ ಅಂಗಿ ಹಾಕಿದೆ.

ಒಂದು ಪೆದ್ದುತನ ಮಾತ್ರ ಹೇಳಲೇಬೇಕು. "ಏನಾದರೂ ಔಷಧಿ ತಗೋತಿದ್ದೀರಾ?" ಅಂತ ಅವರು ಮೊದಲೇ ಕೇಳಿದ್ದರು. "ಇಲ್ಲ" ಅಂದಿದ್ದೆ. ಎಣ್ಣೆಯನ್ನು ಯಾರು ಔಷಧಿ ಅಂತ ಲೆಕ್ಕ ಹಿಡಿಯುತ್ತಾರೆ, ಅಲ್ವಾ? ಈಗ ಹಚ್ಚುವುದು, ಕುಡಿಯುವುದು, ನುಂಗುವುದು ಎಲ್ಲವನ್ನೂ ಫೋನಿನಲ್ಲಿ ಬರೆದಿಡುತ್ತೇನೆ. ಬೇಸರ ಕಳೆಯಲು ನುಂಗುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ, ಸುವಾಸನೆಯ ಬರ್ಗಮಾಟ್ ಎಣ್ಣೆ, ಇವಕ್ಕೂ ಬಿಸಿಲಿಗೂ ಆಗಿಬರುವುದಿಲ್ಲ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯೂ ಹಾಗೆಯೇ. ಇಂಥವು ಎರಡು ಜೊತೆಯಾದರೆ ಕಾಟ ಇನ್ನೂ ಜಾಸ್ತಿ.

ಗುಳ್ಳೆ ವಾರದಲ್ಲಿ ಒಣಗಿತು. ಅದು ಬಿಟ್ಟುಹೋದ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಿತು, ನಡುವೆ ವಾಚಿನ ಪಟ್ಟಿಯಷ್ಟು ಅಗಲದ ಜಾಗ ಬಿಟ್ಟು.