100 ಆಕ್ಟೇನ್ ಹಾಕಿ ಅಳೆದದ್ದು: ಕಲಬುರಗಿ ಬಿಸಿಲು, ಎರಡು ಕಾರು

ಪಂಪಿನಲ್ಲಿ ಲೀಟರಿಗೆ ಹೆಚ್ಚು ದುಡ್ಡು ಕೊಟ್ಟು ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಪಿಕಪ್ ಏರುತ್ತದೆಯೇ ಎಂದು ಎರಡು ಕಾರುಗಳಲ್ಲಿ ಅಳೆದು ನೋಡಿದೆ. ಒಂದು 1.2 ಲೀಟರಿನ ಸಾದಾ ಎಂಜಿನ್, ಇನ್ನೊಂದು 1 ಲೀಟರಿನ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಎಂಜಿನ್. ಸಾದಾ ಎಂಜಿನ್ನಿಗೆ ಏನೂ ಸಿಗಲಿಲ್ಲ. ಟರ್ಬೊಗೆ ಸಿಕ್ಕಿತು, ಅದೂ ಮೇ ತಿಂಗಳ ಮಧ್ಯಾಹ್ನ ಮಾತ್ರ.

ಆಕ್ಟೇನ್ ಎಂದರೆ ಪೆಟ್ರೋಲಿನ ಕಸುವಲ್ಲ. ಪ್ಲಗ್ ಹೊತ್ತಿಸಿದ ಬೆಂಕಿ ಬಂದು ಮುಟ್ಟುವ ಮೊದಲೇ ಒತ್ತಡಕ್ಕೂ ಕಾವಿಗೂ ತಾನಾಗಿ ಹೊತ್ತಿಕೊಳ್ಳದೆ ತಡೆದು ನಿಲ್ಲುವ ಗುಣ ಅದು. ಎಥನಾಲ್ ನೋಡಿ: ಆಕ್ಟೇನ್ 108ರ ಆಸುಪಾಸು, ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆಕ್ಟೇನೇ ಶಕ್ತಿಯಾಗಿದ್ದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಆವರೇಜ್ ಏರಬೇಕಿತ್ತು. ಇನ್ನೊಂದು ಮಾತು ಬಹಳ ಜನರ ಗಮನಕ್ಕೆ ಬಂದಿಲ್ಲ. ಮೊದಲಿನ ಸಾದಾ ಪೆಟ್ರೋಲಿಗೆ ಕನಿಷ್ಠ 91 ಆಕ್ಟೇನ್ ಇದ್ದರೆ ಸಾಕಿತ್ತು, ಇ20ಗೆ ಕನಿಷ್ಠವೇ 95. ಅದರ ಪಕ್ಕದಲ್ಲಿ ‘95’ ಎಂದು ಬರೆದದ್ದನ್ನು ಹಾಕಿಸಿದರೆ ಆಕ್ಟೇನಿನ ಲೆಕ್ಕದಲ್ಲಿ ಗಳಿಸುವುದೇನೂ ಇಲ್ಲ. ಮಸಿ ತೊಳೆಯುವ ಅಡಿಟಿವ್ ಇದ್ದರೆ ಅದಷ್ಟೇ ಲಾಭ.

ಆದ್ದರಿಂದ ಹೋಲಿಕೆಗೆ 100 ಆಕ್ಟೇನ್ ಬೇಕಾಯಿತು. ರಿಸರ್ವ್ ದೀಪ ಹೊತ್ತಿಸಿಕೊಂಡೇ ಹೈದರಾಬಾದಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿದೆ. ತಳದಲ್ಲಿ 5 ಲೀಟರ್ 95 ಉಳಿದಿದ್ದು ಮೇಲೆ 30 ಲೀಟರ್ 100 ಬಿದ್ದರೆ ಟ್ಯಾಂಕಿನಲ್ಲಿ ಇರುವುದು 99ರ ಹತ್ತಿರ. ಅರ್ಧ ಟ್ಯಾಂಕ್ ಹಳೆಯದಿದ್ದರೆ 97.5, ಪರೀಕ್ಷೆಗೆ ಅರ್ಥವೇ ಇರದು. ಕಲಬುರಗಿ ಮುಟ್ಟುವಷ್ಟರಲ್ಲಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೊಸ ಪೆಟ್ರೋಲಿಗೆ ಹೊಂದಿಕೊಂಡಿರುತ್ತದೆ. ಕ್ಯಾನಿನಲ್ಲಿ ಮಾತ್ರ ತರಬೇಡಿ, ಈ ಬಿಸಿಲಿಗೆ ಅದು ಬೆಂಕಿಗೆ ಆಹ್ವಾನ.

ಅಳೆದದ್ದು ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ (ಎಂಜಿನ್ನಿನ ಅಂಕಿ ಓದುವ ಕಿಂಡಿ) ಸಿಕ್ಕಿಸಿದ ಬ್ಲೂಟೂತ್ ರೀಡರಿನಿಂದ. ಮೂರು ಅಂಕಿ ಸಾಕು: ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಗಳಿಗೆ), ಒಳಹೋಗುವ ಗಾಳಿಯ ಕಾವು, ಕೂಲಂಟ್ ಕಾವು. ಜೇವರ್ಗಿ ರಸ್ತೆಯ ಸಮತಟ್ಟಾದ ತುಂಡಿನಲ್ಲಿ, ಎಸಿ ಬಂದ್ ಮಾಡಿ, ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ, ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಎರಡೂ ದಿಕ್ಕು ಏಕೆಂದರೆ ಎದುರುಗಾಳಿಯೊಂದೇ ಲೆಕ್ಕ ಕೆಡಿಸಬಲ್ಲದು. ಫೋನ್ ಪಕ್ಕದಲ್ಲಿ ಕುಳಿತವರ ಕೈಯಲ್ಲಿರಲಿ.

ಸಾದಾ ಎಂಜಿನ್ನಿನಲ್ಲಿ ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಎರಡಕ್ಕೂ ಟೈಮಿಂಗ್ ಎರಡು ಪೆಟ್ರೋಲಿಗೂ ಒಂದೇ. ತಯಾರಕರು ಕೊಟ್ಟ ಮಿತಿಗೆ ಅದು ಮೊದಲೇ ಮುಟ್ಟಿರುತ್ತದೆ, ಆಚೆ ಹೋಗಲು ಜಾಗವಿಲ್ಲ. ಟರ್ಬೊದಲ್ಲಿ ಹೊರಗೆ 42 ಡಿಗ್ರಿ ಇದ್ದ ದಿನ ಇ20 ಮೇಲೆ ಟೈಮಿಂಗ್ ಮೂರು ನಾಲ್ಕು ಡಿಗ್ರಿ ಹಿಂದೆ ಸರಿಯುತ್ತಿತ್ತು. ಪೆಟ್ರೋಲ್ ತಾನಾಗಿ ಹೊತ್ತಿಕೊಂಡಾಗ ಬರುವ ಬಡಿತವನ್ನು, ಅಂದರೆ ನಾಕನ್ನು, ನಾಕ್ ಸೆನ್ಸರ್ ಕೇಳಿಸಿಕೊಂಡು ಇಸಿಯು ಕಿಡಿಯನ್ನು ತಡ ಮಾಡುತ್ತಿತ್ತು. 100 ಹಾಕಿದಾಗ ಸರಿಯಲಿಲ್ಲ, ಎಳೆತ ಕಾಲಿಗೇ ತಿಳಿಯಿತು. ಬೆಳಗಿನ ತಂಪಿನಲ್ಲಿ ಇದೇ ಕಾರಿನಲ್ಲಿ ವ್ಯತ್ಯಾಸ ಮಾಯ.

ಆವರೇಜ್ ಹೋಲಿಸುವವರು ಮೋಸ ಹೋಗುವುದು ಇಲ್ಲಿ. ಪಂಪಿನ ಆಟೋಕಟ್ ಒಂದು ಸಲ ಬೇಗ, ಒಂದು ಸಲ ತಡವಾಗಿ ಬೀಳುತ್ತದೆ, ಅರ್ಧ ಲೀಟರ್ ಹೆಚ್ಚುಕಡಿಮೆ ಸಹಜ. ಜೇವರ್ಗಿಗೆ ಹೋಗಿಬಂದು 5 ಲೀಟರ್ ತುಂಬಿಸಿದರೆ ಅಲ್ಲೇ ನೂರಕ್ಕೆ 10ರ ತಪ್ಪು. 25 ಲೀಟರ್ ಸುಡುವ ತನಕ ಓಡಿಸಿ, ಅದೇ ಪಂಪಿನಲ್ಲಿ, ಮೊದಲ ಕಟ್‌ಗೇ ನಿಲ್ಲಿಸಿ.

ಈಗ ನಾಕಿಂಗ್. ಸ್ಟೀಲ್ ಡಬ್ಬಿಯಲ್ಲಿ ತೊಗರಿಕಾಳು ಅಲ್ಲಾಡಿಸಿದಂಥ ಸದ್ದು. ನಾಲ್ಕನೇ ಗೇರಿನಲ್ಲಿ 35ಕ್ಕೆ ಇಳಿದಾಗ ಎಸಿ ಹಚ್ಚಿಕೊಂಡೇ ಪೆಡಲ್ ತುಳಿದರೆ ಕೇಳುತ್ತದೆ. ಅದಕ್ಕೆ ಮೊದಲ ಮದ್ದು ಗೇರ್ ಇಳಿಸುವುದು. ಆಮೇಲೂ ಕೇಳಿದರೆ ಆಕ್ಟೇನಿಗೆ ಕೈ ಹಾಕುವ ಮೊದಲು ರೇಡಿಯೇಟರ್ ನೋಡಿ. ಶಹಾಬಾದ್, ವಾಡಿ, ಸೇಡಂ ಕಡೆ ಓಡಾಡುವ ಗಾಡಿಗಳ ರೇಡಿಯೇಟರಿನ ಫಿನ್ನುಗಳ (ತೆಳು ಲೋಹದ ಎಲೆಗಳ) ನಡುವೆ ಕಲ್ಲು, ಸಿಮೆಂಟಿನ ಧೂಳು ತುಂಬಿರುತ್ತದೆ. ಇದಕ್ಕೆ ಮೊದಲೇ ನೀರು ಬಿಟ್ಟರೆ ಧೂಳು ಗಚ್ಚಿನಂತೆ ಕಟ್ಟಿಕೊಳ್ಳುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಎಂಜಿನ್ ಕಡೆಯಿಂದ ಹೊರಗಡೆಗೆ ಕಂಪ್ರೆಸರ್ ಗಾಳಿ ಹೊಡೆಯಬೇಕು, ಒಂದಡಿ ದೂರದಿಂದ, ಇಲ್ಲದಿದ್ದರೆ ಫಿನ್ ಮಡಚುತ್ತದೆ. ಆನಂತರ ಸಣ್ಣ ಧಾರೆಯ ನೀರು.

ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿಗಂದು ಇದ್ದರೆ ಸರಿ. ಬೆಳ್ಳಗೆ ಸುಟ್ಟಿದ್ದರೆ ಪ್ಲಗ್‌ನ ಹೀಟ್ ರೇಂಜ್ (ಕಾವು ಬಿಟ್ಟುಕೊಡುವ ದರ್ಜೆ) ತಪ್ಪಿರಬಹುದು ಅಥವಾ ಪೆಟ್ರೋಲ್ ಸಾಲದೆ ಎಂಜಿನ್ ಲೀನ್ ಓಡುತ್ತಿರಬಹುದು. ಪಿಸ್ಟನ್ ತಲೆಯ ಮೇಲೆ ಕುಳಿತ ಮಸಿ ಕಂಪ್ರೆಷನ್ ಏರಿಸುತ್ತದೆ, ಕೆಂಡದಂತೆ ಕಾದು ತಾನೇ ಹೊತ್ತಿಸುತ್ತದೆ. ಡೈರೆಕ್ಟ್ ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಸಿಂಪಡಿಸುವುದರಿಂದ, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಮೇಲೆ ಹರಿಯುವುದೇ ಇಲ್ಲ, ಅಲ್ಲಿನ ಮಸಿಯನ್ನು ಯಾವ ಅಡಿಟಿವೂ ತೊಳೆಯದು. ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ ಒಳಹೋಗುವ ಕೊಳವೆ) ಬಿಚ್ಚಿ ವಾಲ್ವ್ ಉಜ್ಜಬೇಕು.

ಇಷ್ಟೆಲ್ಲ ಮಾಡಿಯೂ ಬಿಸಿಲಲ್ಲಿ ಟೈಮಿಂಗ್ ಸರಿಯುತ್ತಲೇ ಇದ್ದರೆ, ಗಾಡಿ ಟರ್ಬೊ ಆಗಿದ್ದರೆ, ಮಾರ್ಚಿನಿಂದ ಜೂನ್ ಮೊದಲ ಮಳೆಯ ತನಕ 100 ಆಕ್ಟೇನಿಗೆ ಕೊಡುವ ದುಡ್ಡಿಗೆ ಕೆಲಸವಿದೆ. ಟ್ಯಾಂಕಿನ ಮುಚ್ಚಳದ ಮೇಲೆ 91 ಎಂದಿರುವ ಸಾದಾ ಎಂಜಿನ್ನಿಗೆ ಆ ದುಡ್ಡಿನಲ್ಲಿ ಹೊಸ ಪ್ಲಗ್, ಏರ್ ಫಿಲ್ಟರ್ ಹಾಕಿಸಿ.