ಅಕ್ಕಿ ಗಿರಣಿಯ ಮೋಟಾರ್: ಒಳಗೆ ಧೂಳು ಹೋಗದಂತೆ ತಡೆಯುವುದು ಹೇಗೆ?

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಮೋಟಾರ್ ಸುಟ್ಟರೆ ಮೊದಲು ಬೈಸಿಕೊಳ್ಳುವುದು ವೋಲ್ಟೇಜ್. ಬಿಚ್ಚಿ ನೋಡಿದರೆ ಎಷ್ಟೋ ಸಲ ಸಿಗುವುದು ತೌಡಿನ ಕಂದು ಮುದ್ದೆ ಮತ್ತು ಯಾರೋ ಧಾರಾಳವಾಗಿ ತುಂಬಿದ ಗ್ರೀಸ್. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೇರಳವಾಗಿದೆ. ಹಾಗಾಗಿ ಅದರ ಧೂಳು ಬೇರಿಂಗಿಗೆ ಉಜ್ಜುಕಾಗದವಿದ್ದಂತೆ. ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ಅದು ಕುಳಿತಲ್ಲೇ ಅಂಟಿಕೊಳ್ಳುತ್ತದೆ.

‘ನಮ್ಮದು ಐಪಿ 55 ಮೋಟಾರ್, ಧೂಳು ಹೋಗುವುದೇ ಇಲ್ಲ’ ಎನ್ನುವವರಿಗೆ ಒಂದು ಮಾತು. ಐಪಿ ಎಂದರೆ ಧೂಳು, ನೀರಿನಿಂದ ಎಷ್ಟು ರಕ್ಷಣೆ ಇದೆ ಎಂದು ಹೇಳುವ ಸಂಕೇತ. ಮೊದಲ 5ರ ಅರ್ಥ, ಕೆಡುಕಾಗುವಷ್ಟು ಧೂಳು ಒಳಗೆ ಹೋಗದು ಎಂದಷ್ಟೇ. ಪೂರ್ತಿ ತಡೆ ಬೇಕಾದರೆ ಅಲ್ಲಿ 6 ಇರಬೇಕು. ಅದೂ ಸೀಲು, ಗ್ಯಾಸ್ಕೆಟ್ ಎಲ್ಲ ನೆಟ್ಟಗಿರುವವರೆಗೆ ಮಾತ್ರ.

1. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.

2. ಹೊರಮೈಯನ್ನು ಒಣ ಬ್ರಷ್ಷಿನಿಂದ ಗುಡಿಸಿ, ಬಟ್ಟೆಯಿಂದ ಒರೆಸಿ. ಮೋಟಾರಿನ ಮೈಮೇಲಿನ ರೆಕ್ಕೆಗಳ ಸಂದು ಮತ್ತು ಫ್ಯಾನ್ ಕವರಿನ ಜಾಲರಿ ಖಾಲಿಯಾಗಿರಬೇಕು. ಕಂಪ್ರೆಸರ್ ಗಾಳಿ ಬೇಡ. ಐದು ನಿಮಿಷದ ಕೆಲಸ ಒಂದು ನಿಮಿಷಕ್ಕೆ ಮುಗಿಯುತ್ತದೆ, ನಿಜ. ಆದರೆ ಶಾಫ್ಟಿನ ಸೀಲಿನ ಹತ್ತಿರ ಆ ಗಾಳಿ ಬಿಟ್ಟರೆ ಹೊರಗಿದ್ದ ಧೂಳನ್ನು ನೀವೇ ಒಳಗೆ ನೂಕಿದಂತೆ. ಧೂಳು ಬೀಳಬಾರದೆಂದು ಮೋಟಾರಿಗೆ ಗೋಣಿಚೀಲ ಹೊದಿಸುವವರೂ ಇದ್ದಾರೆ. ಉಸಿರುಗಟ್ಟಿದ ಮೋಟಾರ್ ಧೂಳಿಗಿಂತ ಮೊದಲು ಬಿಸಿಯಿಂದಲೇ ಸಾಯುತ್ತದೆ. ಮೇಲೆ ನೆರಳು ಬೇಕಿದ್ದರೆ ಗಾಳಿಯಾಡುವಂತೆ ಒಂದು ತಗಡು ಕಟ್ಟಿ.

3. ಟರ್ಮಿನಲ್ ಬಾಕ್ಸಿನ ಗ್ಯಾಸ್ಕೆಟ್ ನೋಡಿ, ಒಡೆದಿದ್ದರೆ ಬದಲಿಸಿ. ಕೇಬಲ್ ಬರುವಲ್ಲಿ ಅಳತೆಗೆ ಸರಿಯಾದ ಗ್ಲ್ಯಾಂಡ್ (ಕೇಬಲನ್ನು ಬಿಗಿಯಾಗಿ ಹಿಡಿಯುವ ಬಿರಡೆ) ಇರಲಿ, ಬಳಸದ ತೂತಿಗೆ ಲೋಹದ ಪ್ಲಗ್ ಹಾಕಿ. ಬಟ್ಟೆಯ ಚೂರು ತುರುಕುವುದು, ಮೇಣ ಮೆತ್ತುವುದು ಕೆಲಸವಲ್ಲ. ಹುಳಿ ವಾಸನೆಯ ಅಗ್ಗದ ಸಿಲಿಕೋನ್ ಅಂಟನ್ನಂತೂ ಇಲ್ಲಿ ಮುಟ್ಟಬೇಡಿ. ಆ ವಾಸನೆ ಅಸಿಟಿಕ್ ಆಮ್ಲದ್ದು, ಅದು ತಾಮ್ರವನ್ನು ತಿನ್ನುತ್ತದೆ.

4. ಇನ್ನು ಗ್ರೀಸ್. ನಾನು ನೋಡಿದ ಬೇರಿಂಗ್ ಸಾವುಗಳಲ್ಲಿ ಹೆಚ್ಚಿನವಕ್ಕೆ ಗ್ರೀಸ್ ಗನ್ ಹಿಡಿದ ಕೈಯೇ ಕಾರಣ, ಆದ್ದರಿಂದ ಇಲ್ಲಿ ನಿಧಾನಿಸಿ.

ಮೊದಲು ಡಬ್ಬಿ ನೋಡಿ. ಗಿರಣಿಯ ಮೂಲೆಯಲ್ಲಿ ಮುಚ್ಚಳವಿಲ್ಲದ ಡಬ್ಬಿ, ಅದರೊಳಗೆ ನೆಟ್ಟ ಕೋಲು, ಮೇಲೆ ಹೊಟ್ಟಿನ ಪದರ: ಇಂಥದ್ದಿದ್ದರೆ ಎಸೆಯಿರಿ. ಬೇರಿಂಗಿಗೆ ಡಬ್ಬಿಯ ಗ್ರೀಸೇ ಬೇಡ, ಕಾರ್ಟ್ರಿಜ್ ಕೊಳ್ಳಿ ಎಂಬುದು ನನ್ನ ಹಟ. ಬಣ್ಣ ನೋಡಿ ಗ್ರೀಸ್ ಆರಿಸಬೇಡಿ. ಲಿಥಿಯಂ ಗ್ರೀಸ್ ಇರುವಲ್ಲಿಗೆ ಪಾಲಿಯೂರಿಯಾ ಎಂಬ ಬೇರೆ ಬಗೆಯ ಗ್ರೀಸ್ ಸೇರಿಸಿದರೆ ಎರಡೂ ತೆಳುವಾಗಿ ಹರಿದುಹೋಗಬಹುದು.

ಎಷ್ಟು ಹಾಕಬೇಕು? ಬೇರಿಂಗಿನ ಹೊರವ್ಯಾಸ ಮತ್ತು ಅಗಲವನ್ನು ಮಿಲಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.005ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. 20 ಎಚ್‌ಪಿ ಮೋಟಾರಿನಲ್ಲಿ ಸಾಮಾನ್ಯವಾಗಿ ಕಾಣುವ 6309 ಬೇರಿಂಗಿಗೆ 100 ಮತ್ತು 25, ಅಂದರೆ 12.5 ಗ್ರಾಂ. ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಬಿಡುತ್ತದೆ ಎಂಬುದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿ: ಕಾಗದದ ಮೇಲೆ ಹತ್ತು ಸಲ ಒತ್ತಿ, ತೂಗಿ, ಹತ್ತರಿಂದ ಭಾಗಿಸಿ.

ಈಗ ನಿಪ್ಪಲ್, ಅಂದರೆ ಗ್ರೀಸ್ ಗನ್ ಕೂರುವ ಮೊಳೆಯಂಥ ತುದಿ, ಒರೆಸಿ. ಬೆರಳಿನಿಂದಲ್ಲ, ನೂಲು ಬಿಡದ ಬಟ್ಟೆಯಿಂದ. ಅದರ ತುದಿಯ ಪುಟ್ಟ ಗುಂಡು ಹೊಳೆಯುವಷ್ಟು. ಗನ್ನಿನ ಮೂತಿಯನ್ನೂ ಒರೆಸಿ, ಮೊದಲು ಬರುವ ಗ್ರೀಸನ್ನು ಬಟ್ಟೆಗೇ ಬಿಡಿ. ಈ ಅರ್ಧ ನಿಮಿಷ ಬಿಟ್ಟವರು ಹೊಟ್ಟಿನ ಧೂಳನ್ನು ಸೀದಾ ಬೇರಿಂಗಿಗೆ ಚುಚ್ಚುತ್ತಾರೆ.

ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ. ಹಳೆಯ ಗ್ರೀಸ್ ಗಟ್ಟಿಯಾಗಿ ದಾರಿ ಮುಚ್ಚಿದ್ದರೆ ಮೃದುವಾದ ತಂತಿಯಿಂದ ಬಿಡಿಸಿ. ಪ್ಲಗ್ ಬಿಚ್ಚದೆ ಒತ್ತಿದರೆ ಗ್ರೀಸ್ ಒಳಗಿನ ಕ್ಯಾಪ್ ದಾಟಿ ವೈಂಡಿಂಗ್ (ಒಳಗಿನ ತಾಮ್ರದ ತಂತಿಯ ಸುರುಳಿ) ಮೇಲೆ ಇಳಿಯುತ್ತದೆ. ಒಮ್ಮೆ ಒಂದು ಗಿರಣಿಯಲ್ಲಿ ಧಾನ್ಯ ಮೇಲೆತ್ತುವ ಎಲಿವೇಟರಿನ ಮೋಟಾರ್ ಬಿಚ್ಚಿದಾಗ ಗ್ರೀಸನ್ನು ಬೊಗಸೆಯಲ್ಲಿ ತೆಗೆದಿದ್ದೇನೆ. ಅದಕ್ಕೆ ಅಂಟಿದ ತೌಡು ವೈಂಡಿಂಗ್ ಮೇಲೆ ಹೋಳಿಗೆಯಂತೆ ಹರಡಿತ್ತು. ಡ್ರೈನ್ ಪ್ಲಗ್ ಬಣ್ಣದಡಿ ಹೂತುಹೋಗಿತ್ತು, ಒಮ್ಮೆಯೂ ಬಿಚ್ಚಿದ ಗುರುತಿಲ್ಲ.

ಶಾಫ್ಟನ್ನು ಕೈಯಿಂದ ತಿರುಗಿಸುತ್ತಾ ಲೆಕ್ಕದಷ್ಟೇ ಒತ್ತಿ. ‘ಇರಲಿ, ಇನ್ನೊಂದೆರಡು’ ಬೇಡ. ಹೆಚ್ಚಾದ ಗ್ರೀಸ್ ಕಡೆದು ಕಡೆದು ಬೇರಿಂಗನ್ನು ಕಾಯಿಸುತ್ತದೆ. ಆಮೇಲೆ ಫ್ಯೂಸ್ ಹಾಕಿ, ಡ್ರೈನ್ ತೆರೆದಿಟ್ಟೇ ಅರ್ಧ ಗಂಟೆ ಓಡಿಸಿ, ಹೊರಬಂದದ್ದನ್ನು ಒರೆಸಿ ಪ್ಲಗ್ ಮುಚ್ಚಿ.

ನಿಪ್ಪಲ್ಲೇ ಇಲ್ಲದ ಸಣ್ಣ ಮೋಟಾರುಗಳಲ್ಲಿ ಈ ಹಂತವೇ ಇಲ್ಲ. ಅಲ್ಲಿ ಬೇರಿಂಗ್ ಬದಲಿಸುವಾಗ ತಗಡಿನ ಮುಚ್ಚಳದ ಜೆಡ್‌ಜೆಡ್ ಬಿಟ್ಟು, ಎರಡೂ ಕಡೆ ರಬ್ಬರ್ ಸೀಲಿನ 2ಆರ್‌ಎಸ್ ಹಾಕಿಸಿ. ನಿಮಿಷಕ್ಕೆ 1,440 ಸುತ್ತಿನ ಮೋಟಾರಿಗೆ ಅದೇ ಸರಿ.

5. ಮತ್ತೆ ಆಫ್ ಮಾಡಿ, ಶಾಫ್ಟಿನ ವಿ-ರಿಂಗ್ (ಧೂಳು ತಡೆಯುವ ರಬ್ಬರ್ ಉಂಗುರ) ಗಟ್ಟಿಯಾಗಿದ್ದರೆ ಬದಲಿಸಿ. ಅಗ್ಗದ ವಸ್ತು, ಆದರೂ ಯಾರೂ ತರುವುದಿಲ್ಲ. ನೀರು ಇಳಿಯುವ ತೂತನ್ನೂ ನೋಡಿ. ನಿಂತ ಮೋಟಾರ್ ತಣ್ಣಗಾಗುವಾಗ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಆ ನೀರು ಕೆಳಗಿಳಿಯಬೇಕು. ಎಲಿವೇಟರಿನ ತಲೆಯ ಮೇಲೆ ಮೋಟಾರನ್ನು ಅಡ್ಡಡ್ಡ ಕೂರಿಸಿದ್ದರೆ ಆ ತೂತು ಪಕ್ಕಕ್ಕೋ ಮೇಲಕ್ಕೋ ಬಂದಿರುತ್ತದೆ. ಅದನ್ನು ಮುಚ್ಚಿ, ಈಗ ಕೆಳಗಿರುವ ಕಡೆಯ ಪ್ಲಗ್ ಬಿಚ್ಚಿ.

6. ಕೇಬಲ್ ಕಳಚಿ, 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ವೈಂಡಿಂಗ್ ಮತ್ತು ಬಾಡಿ ನಡುವೆ ಅಳೆಯಿರಿ. 5 ಮೆಗಾ ಓಮ್‌ಗಿಂತ ಕೆಳಗಿದ್ದರೆ ಒಣಗಿಸದೆ ಚಾಲೂ ಮಾಡಬೇಡಿ. ಹೋದ ವರ್ಷ 200 ಇದ್ದದ್ದು ಈ ವರ್ಷ 20 ಆಗಿದ್ದರೂ ಬಿಚ್ಚಿ ನೋಡುವುದೇ ಲೇಸು. ಓದಿದ ಸಂಖ್ಯೆ, ತಾರೀಕು, ಹಾಕಿದ ಗ್ರೀಸಿನ ಹೆಸರು ಮೂರನ್ನೂ ಟರ್ಮಿನಲ್ ಬಾಕ್ಸಿನ ಮುಚ್ಚಳದ ಒಳಬದಿಗೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ. ಹೊರಗೆ ಬರೆದರೆ ತೌಡು ಮುಚ್ಚುತ್ತದೆ.